ಮನೆ ಮಾರುವ ಮುನ್ನ ಬಣ್ಣ: ಎಲ್ಲಿ ಬೇಕು, ಎಲ್ಲಿ ಸಲ್ಲದು

ಮನೆ ಮಾರುವ ನಿರ್ಧಾರವಾದೊಡನೆ ಇಡೀ ಮನೆಗೆ ಹೊಸ ಬಣ್ಣ ಬಳಿಸಲು ಮುಂದಾಗುವವರು ಅನೇಕರು. ಎಲ್ಲ ಮನೆಗಳಿಗೂ ಅದರ ಅಗತ್ಯವಿರುವುದಿಲ್ಲ. ಮುಂಬಾಗಿಲು, ಹಜಾರದ ಎದುರು ಗೋಡೆ, ಸ್ವಿಚ್ ಬೋರ್ಡ್ ಸುತ್ತಲಿನ ಕೈಗುರುತು, ಅಡುಗೆಮನೆಯ ಜಿಡ್ಡು, ತುಕ್ಕು ಹಿಡಿದ ಕಿಟಕಿ ಗ್ರಿಲ್ ಇವಿಷ್ಟನ್ನು ಸರಿಪಡಿಸಿದರೂ ಮನೆಗೆ ಕಳೆ ಬರುತ್ತದೆ.

ಮೊದಲ ಕೆಲಸ ಬಣ್ಣವಲ್ಲ, ಶುಚಿಗೊಳಿಸುವುದು. ಎಮಲ್ಷನ್ ಬಳಿದ ಗೋಡೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೃದುವಾಗಿ ಒರೆಸಬಹುದು. ಸುಣ್ಣ ಬಳಿದ ಗೋಡೆ ಇದನ್ನು ತಾಳದು. ಜಿಡ್ಡಿನ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ.

ಮೊಳೆಯ ರಂಧ್ರಗಳಿಗೆ ಪುಟ್ಟಿ ತುಂಬಿ, ಒಣಗಿದ ಬಳಿಕ ಎಮರಿ ಪೇಪರಿನಿಂದ ಉಜ್ಜಿ, ಪ್ರೈಮರ್ ಹಚ್ಚಬೇಕು. ಅವಸರದಲ್ಲಿ ಪ್ರೈಮರ್ ಬಿಟ್ಟರೆ ಪುಟ್ಟಿಯು ಬಣ್ಣವನ್ನು ಹೀರಿಕೊಂಡು ಆ ಜಾಗ ಮಂಕಾಗಿ ಎದ್ದು ಕಾಣುತ್ತದೆ. ಹಳೆಯ ಡಬ್ಬಿಯಲ್ಲಿ ಉಳಿದ ಅದೇ ಬಣ್ಣವನ್ನು ಬಳಸಿದರೂ ಹೊಂದಿಕೆಯಾಗುವುದು ಅಪರೂಪ. ಗೋಡೆಯ ಬಣ್ಣ ಅಷ್ಟರಲ್ಲಿ ಮಾಸಿರುತ್ತದೆ. ಆದ್ದರಿಂದ ಅಲ್ಲಲ್ಲಿ ತೇಪೆ ಹಾಕುವುದಕ್ಕಿಂತ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ಬಳಿಯುವುದೇ ಲೇಸು. ಮೂಲೆಯಲ್ಲಿ ಬೆಳಕು ಬೇರೆಯಾಗಿ ಬೀಳುವುದರಿಂದ ಅಲ್ಪ ವ್ಯತ್ಯಾಸ ಕಣ್ಣಿಗೆ ಬೀಳದು.

ಹಳೆಯ ಮನೆಗಳ ಬಾಗಿಲು, ಗ್ರಿಲ್‌ಗಳ ಎನಾಮೆಲ್ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ನೀರು ಹಚ್ಚಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಇನ್ನು ತೇವದ ಕಲೆಯ ವಿಚಾರ. ಸ್ನಾನಗೃಹದ ಹಿಂಬದಿ ಗೋಡೆ, ತಾರಸಿಯ ಕೆಳಗಿನ ಛಾವಣಿ, ನೆಲಮಟ್ಟದ ಗೋಡೆಗಳಲ್ಲಿ ಬಣ್ಣ ಉಬ್ಬಿ, ಉಪ್ಪಿನಂಥ ಬಿಳಿಪುಡಿ ಕಾಣಿಸಿಕೊಂಡರೆ ಅದು ಒಳಗೆ ನೀರಿರುವ ಲಕ್ಷಣ. ಅದರ ಮೇಲೆ ಬಳಿದ ಬಣ್ಣ ಮುಂದಿನ ಮಳೆಗಾಲಕ್ಕೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಮತ್ತೆ ಏಳುತ್ತದೆ. ಸೋರಿಕೆಯನ್ನು ನಿಲ್ಲಿಸಿ, ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು, ಗೋಡೆ ಪೂರ್ಣ ಒಣಗಿದ ಮೇಲಷ್ಟೇ ಪುಟ್ಟಿ, ಬಣ್ಣ. ಇದಕ್ಕೆ ವಾರಗಳೇ ಬೇಕಾದೀತು. ಎರಡು ದಿನದಲ್ಲಿ ಮುಗಿಸಿಕೊಡುವೆನೆನ್ನುವ ಮೇಸ್ತ್ರಿಯ ಮಾತನ್ನು ನಂಬದಿರುವುದು ಕ್ಷೇಮ.

ಮುಚ್ಚಿಟ್ಟು ಮಾರುವುದು ಕಾನೂನಿನ ದೃಷ್ಟಿಯಿಂದಲೂ ಅಪಾಯಕಾರಿ. ಖರೀದಿದಾರ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ, ಆದರೆ ತನಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣ ವಿಧಿಸುತ್ತದೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಈ ಹೊಣೆ ತಪ್ಪದು. ಹಾಗೆ ತಿಳಿಸದಿರುವುದನ್ನು ಅದೇ ಪ್ರಕರಣ ವಂಚನೆಯೆಂದೇ ಪರಿಗಣಿಸುತ್ತದೆ. ತೇವದ ಕಲೆಗೆ ಬಣ್ಣ ಬಳಿದವನು ದೋಷ ತನಗೆ ತಿಳಿದಿರಲಿಲ್ಲವೆಂದು ವಾದಿಸುವುದು ಕಷ್ಟ.

ದುರಸ್ತಿ ಮಾಡಿಸಿದ್ದರೆ ಅದರ ರಸೀದಿಗಳನ್ನು, ಕೆಲಸಕ್ಕೆ ಮೊದಲಿನ ಹಾಗೂ ನಂತರದ ಛಾಯಾಚಿತ್ರಗಳನ್ನು ಮನೆಯ ದಾಖಲೆಗಳ ಜೊತೆಗಿಟ್ಟು ಖರೀದಿದಾರರಿಗೆ ತೋರಿಸಬಹುದು. ಬೆಲೆಯ ಮಾತುಕತೆಯಲ್ಲಿ ಅವು ಉಪಯೋಗಕ್ಕೆ ಬರುತ್ತವೆ.