ಟ್ಯೂಬಿನ ತಳದಲ್ಲಿ ಕೂತದ್ದು

ಕೊಬ್ಬು ಅಂದರೆ ಕರಗಿಸಬೇಕಾದ ಸಾಮಾನು ಅಂತಲೇ ನಮಗೆಲ್ಲ ಗೊತ್ತು. ಅದರಿಂದ ಮೂಳೆ ಕೂಡಿಸಬಹುದು ಅಂತ ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಿ.ಕಾಂ. ಓದಿ ಮುಂಬೈಗೆ ಬಂದು ಲೆಡ್ಜರ್ ನೋಡಿಕೊಂಡೇ ತಲೆ ನರೆತವನು ನಾನು, ಜೀವಶಾಸ್ತ್ರ ನನ್ನದಲ್ಲ. ಆದರೂ ಈ ಚರಿತ್ರೆ ಓದುತ್ತಾ ಹೋದಂತೆ ಇದರಲ್ಲಿ ಲೆಕ್ಕಪತ್ರದ ವಿಷಯವೂ ಸಾಕಷ್ಟಿದೆ ಅನ್ನಿಸಿತು.

ಶುರು ಮಾಡಬೇಕಾದದ್ದು 1964ರಿಂದ. ಅಮೆರಿಕದ ಬೆಥೆಸ್ಡಾದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಮಾರ್ಟಿನ್ ರಾಡ್‌ಬೆಲ್ ಎಂಬ ವಿಜ್ಞಾನಿ ಇಲಿಯ ಕೊಬ್ಬನ್ನು ಸಣ್ಣಗೆ ಹೆಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದ ದ್ರಾವಣದಲ್ಲಿ ಬೆಚ್ಚಗೆ ಅಲ್ಲಾಡಿಸಿದರು. ಜೀವಕೋಶಗಳನ್ನು ಹಿಡಿದಿಟ್ಟಿದ್ದ ನಾರಿನ ಬಲೆ ಕರಗಿತು. ಯಂತ್ರದಲ್ಲಿ ತಿರುಗಿಸಿದಾಗ ಕೊಬ್ಬು ತುಂಬಿದ ಕೋಶಗಳು ಮಜ್ಜಿಗೆಯ ಮೇಲೆ ಬೆಣ್ಣೆ ಬಂದ ಹಾಗೆ ತೇಲಿದವು, ಉಳಿದವು ತಳ ಸೇರಿದವು. ರಾಡ್‌ಬೆಲ್‌ಗೆ ಬೇಕಾಗಿದ್ದದ್ದು ಬೆಣ್ಣೆ ಮಾತ್ರ. ಹಾರ್ಮೋನುಗಳು ಆ ಕೋಶಗಳ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬ ಅವರ ಹುಡುಕಾಟ 1994ರಲ್ಲಿ ನೊಬೆಲ್ ತಂದುಕೊಟ್ಟಿತು. ತಳದ ಗಸಿ? ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಸಸ್ಪೆನ್ಸ್ ಅಕೌಂಟಿಗೆ ಹೋಯಿತು!

ಮೂಳೆಯ ಕಡೆಯ ಕೆಲಸ ಬೇರೆಯೇ ಊರಲ್ಲಿ ನಡೆದಿತ್ತು. ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅಸ್ಥಿಮಜ್ಜೆಯ ಕೋಶಗಳಿಂದ ಮೂಳೆ ಹುಟ್ಟುವುದನ್ನು 1960ರ ದಶಕದಲ್ಲೇ ತೋರಿಸಿದ್ದರು. ಗಾಜಿಗೆ ಅಂಟಿ ಗುಂಪುಗುಂಪಾಗಿ ಬೆಳೆಯುವ ಇಂಥ ಕೋಶಗಳನ್ನು ಗಿನಿಪಿಗ್‌ನ ಮಜ್ಜೆಯಲ್ಲಿ ಗುರುತಿಸಿದ ಅವರ ಲೇಖನ 1970ರದು. ಇವಕ್ಕೆ 'ಮೀಸೆಂಕೈಮಲ್ ಸ್ಟೆಮ್ ಸೆಲ್' ಎಂಬ ಹೆಸರನ್ನು ಚಾಲ್ತಿಗೆ ತಂದವರು ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್, 1991ರಲ್ಲಿ. ತೊಂದರೆ ಏನೆಂದರೆ ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಚುಚ್ಚಬೇಕು, ಅಷ್ಟು ಮಾಡಿದರೂ ಹತ್ತಾರು ಸಾವಿರ ಕೋಶಗಳಲ್ಲಿ ಇಂಥದ್ದು ಒಂದು ಸಿಕ್ಕರೆ ಹೆಚ್ಚು.

2001ರಲ್ಲಿ ಪ್ಯಾಟ್ರೀಶಿಯಾ ಝುಕ್ ಮತ್ತು ಸಂಗಡಿಗರು, ಹೊಟ್ಟೆ ಕರಗಿಸಿಕೊಳ್ಳುವವರಿಂದ ಹೀರಿ ತೆಗೆದು ಎಸೆಯುತ್ತಿದ್ದ ಕೊಬ್ಬಿಗೆ ಅದೇ ಕಿಣ್ವ ಹಾಕಿ, ಈ ಸಲ ತಳದಲ್ಲಿ ಕೂತದ್ದನ್ನು ಎತ್ತಿಕೊಂಡರು. ಅದನ್ನು ಬೆಳೆಸಿ, ವಿಟಮಿನ್ ಸಿ, ಡೆಕ್ಸಾಮೆಥಸೋನ್ ಮತ್ತು ಒಂದು ಫಾಸ್ಫೇಟ್ ಲವಣ ಕೊಟ್ಟು ಕೆಲವು ವಾರ ಕಾದರೆ ಕೋಶಗಳು ಸುಣ್ಣ ಕಟ್ಟತೊಡಗುತ್ತವೆ. ಸುಣ್ಣ ಕಟ್ಟಿದೆಯೇ ಎಂದು ನೋಡಲು ಪ್ರಯೋಗಾಲಯಗಳಲ್ಲಿ ಹಾಕುವ ಕೆಂಪು ಬಣ್ಣ ಅಲಿಜರಿನ್ ಜಾತಿಯದು. ಹಿಂದೆ ಬಟ್ಟೆಗೆ ಹಾಕಲು ಅಲಿಜರಿನ್ನನ್ನು ಗಿಡದ ಬೇರಿನಿಂದ ತೆಗೆಯುತ್ತಿದ್ದರು, ನಮ್ಮ ಮಂಜಿಷ್ಠದ ಸೋದರ ಗಿಡ.

ಬೆಲೆ ಬಂದ ಮೇಲೆ ಜಗಳ ಬರದಿದ್ದೀತೇ? ಪೇಟೆಂಟ್ ಯಾರದು ಎಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು. 2009ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಕ್ಯಾಲಿಫೋರ್ನಿಯಾದ ಸಂಶೋಧಕರಿಗೆ ಸೋಲಾಯಿತು.

ಕೆಲಸ ನಡೆಯಿತೇ ಅಂದರೆ, ಇಲಿಮರಿಗಿಂತ ದೊಡ್ಡದಲ್ಲದ ಲ್ಯಾಬಿನ ಇಲಿಗಳಲ್ಲಿ ನಡೆಯಿತು. ತಾನಾಗಿ ತುಂಬಿಕೊಳ್ಳದ 4 ಮಿಲಿಮೀಟರ್ ತಲೆಬುರುಡೆ ತೂತನ್ನು, ಕೊಬ್ಬಿನ ಕೋಶ ತುಂಬಿದ ಹಂದರ ಇಟ್ಟು ಮುಚ್ಚಿಸಿದ ವರದಿ 2004ರಲ್ಲಿ ಬಂತು. ಅದೇ ವರ್ಷ ಜರ್ಮನಿಯ ವೈದ್ಯರು, ತಲೆಗೆ ಪೆಟ್ಟಾಗಿ ಬುರುಡೆಯ ಭಾಗ ಕಳೆದುಕೊಂಡಿದ್ದ ಏಳು ವರ್ಷದ ಹುಡುಗಿಗೆ ಅವಳದೇ ಕೊಬ್ಬಿನ ಕೋಶ ಬಳಸಿದ್ದನ್ನು ಬರೆದರು. ಮೂರು ತಿಂಗಳಲ್ಲಿ ಹೊಸ ಮೂಳೆ ಕಂಡಿತು. ಆದರೆ ಜೊತೆಗೆ ಅವಳ ಸೊಂಟದ ಮೂಳೆಯ ಚೂರನ್ನೂ ಇಟ್ಟಿದ್ದರು. ಯಾವುದರ ಖಾತೆಗೆ ಎಷ್ಟು ಜಮೆ ಮಾಡಬೇಕು ಅಂತ ಆ ಒಂದು ಕೇಸಿನಿಂದ ಹೇಳಲಾಗದು.

ಇಷ್ಟು ವಿವರ ಹುಡುಕಿದ್ದು ಯಾಕೆಂದರೆ, ಕೆಲವು ವರ್ಷದ ಹಿಂದೆ ಗದಗಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಟೇಬಲ್ಲಿಗೆ ಬಂದು, "ಸಾಹೇಬ್ರ, ಈ ಎಫ್‌ಡಿ ಮುರದು ಕೊಡ್ರಿ. ಹೊಟ್ಟಿ ಕೊಬ್ಬು ತಗದು ಮೊಣಕಾಲಿಗೆ ಹಾಕ್ತಾರಂತ, ಹೊಸಾದು ಬೆಳೀತದಂತ" ಅಂದರು. ಅವರ ಹೆಂಡತಿಯ ಮಂಡಿಗೆ. "ಮೇಷ್ಟ್ರೇ, ಇನ್ನೊಬ್ಬ ಡಾಕ್ಟರನ್ನ ಕೇಳಿ ನೋಡ್ರಿ" ಅಂದೆ. ಕೇಳಲಿಲ್ಲ. ಬೆಳಿಗ್ಗೆ ತೆಗೆದು ಮಧ್ಯಾಹ್ನ ಚುಚ್ಚಿ ಕಳಿಸಿದರಂತೆ. ಅಲ್ಲಿ ಕೋಶ ಬೆಳೆಸಿದ್ದೂ ಇಲ್ಲ, ಎಣಿಸಿದ ಚೀಟಿಯೂ ಇಲ್ಲ. ಆ ತಾಯಿ ಈಗಲೂ ಕೋಲು ಹಿಡಿದೇ ಓಡಾಡುತ್ತಾರೆ.

ಸ್ವತಃ ಕ್ಯಾಪ್ಲನ್ 2017ರಲ್ಲಿ, ತಾನು ಇಟ್ಟ ಹೆಸರನ್ನು ಬದಲಿಸಿ ಎಂದು ಬರೆದರು. ದೇಹದೊಳಗೆ ಹಾಕಿದ ಈ ಕೋಶಗಳು ತಾವೇ ಹೊಸ ಅಂಗಾಂಶವಾಗುವುದಿಲ್ಲ, ಸುತ್ತಲಿನವನ್ನು ಎಚ್ಚರಿಸುವ ರಸ ಸುರಿಸುತ್ತವೆ ಅನ್ನುವುದು ಅವರ ವಾದ. ಅದೇ ವರ್ಷದ ನಮ್ಮ ಐಸಿಎಂಆರ್ ಮಾರ್ಗಸೂಚಿ, ರಕ್ತದ ಕೆಲವು ರೋಗಗಳಿಗೆ ಮಾಡುವ ಕಸಿಯಂಥದ್ದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ಮಾಡಬೇಕು, ಚಿಕಿತ್ಸೆ ಎಂದು ಮಾರಬಾರದು ಅಂದಿತು. ಪ್ರಯೋಗವಾದರೆ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಅದಕ್ಕೊಂದು ನಂಬರ್ ಇರುತ್ತದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಿಮ್ಮ ಮನೆಯಲ್ಲೂ ಮಂಡಿನೋವಿನವರು ಇದ್ದರೆ ಮೊದಲು ಆ ನಂಬರ್ ಕೇಳಿ, ಎಫ್‌ಡಿ ಮಾತು ಆಮೇಲೆ.