ಒಲೆಯಿಲ್ಲದವರ ಆಲೂಗಡ್ಡೆ

ಸಿಪ್ಪೆ ಸುಲಿಯದೆ, ಹೋಳು ಮಾಡದೆ, ನೀರಿಗೂ ಎಣ್ಣೆಗೂ ಹಾಕದೆ, ಇಡಿಯ ಆಲೂಗಡ್ಡೆಯೊಂದನ್ನು ಒಣಶಾಖದಲ್ಲಿ ಬೇಯಿಸಿ, ನಡುವೆ ಸೀಳಿ, ಉಪ್ಪು ಬೆಣ್ಣೆಗಳನ್ನಿಟ್ಟು ಬಿಸಿಬಿಸಿಯಾಗಿ ತಿನ್ನುವ ಪದ್ಧತಿ ಇಂಗ್ಲೆಂಡು ಅಮೆರಿಕಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ನಮ್ಮ ಕಡೆಯ ಅಡುಗೆಯಲ್ಲಿ ಆಲೂಗಡ್ಡೆಯೆಂದರೆ ಪಲ್ಯ, ಸಾಗು, ಬೋಂಡಗಳ ಸಾಮಗ್ರಿ. ಅದನ್ನು ಬೇಯಿಸುವುದು ಸುಲಿದು ಹಿಸುಕುವುದಕ್ಕೆ ಪೂರ್ವಸಿದ್ಧತೆ. ಕೆಂಡದ ಬೂದಿಯಲ್ಲಿ ಹುದುಗಿಸಿ ಸುಡುವ ಗೌರವವನ್ನು ನಾವು ಗೆಣಸಿಗೂ ಬದನೆಕಾಯಿಗೂ ಮೀಸಲಿಟ್ಟೆವು. ಆದಕಾರಣ, ಮೈಕ್ರೋವೇವ್ ಒಲೆಯೊಳಗೆ ಕೆಲವೇ ನಿಮಿಷಗಳಲ್ಲಿ ಇಡಿ ಆಲೂಗಡ್ಡೆಯನ್ನು ಬೇಯಿಸಿಕೊಳ್ಳುವ ಪಾಶ್ಚಾತ್ಯರ ಇಂದಿನ ವಾಡಿಕೆ ನಮ್ಮ ಕಣ್ಣಿಗೆ ಅವಸರದ ಯುಗದ ಒಂದು ಅನುಕೂಲವೆಂದಷ್ಟೇ ತೋರುವುದು ಸಹಜ. ಆದರೆ ಈ ತಿನಿಸಿನ ಪೂರ್ವಚರಿತ್ರೆಯನ್ನು ಮೊದಲಿನಿಂದ ಪರಿಶೀಲಿಸಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಹೊಲದಲ್ಲಿ ದುಡಿಯುತ್ತಿದ್ದವರು, ಚಳಿಯ ರಾತ್ರಿ ಬೀದಿಯಲ್ಲಿ ನಿಂತವರು, ದೂರಪ್ರಯಾಣದ ಗಾಡಿಯಲ್ಲಿ ಕುಳಿತವರು, ಹೀಗೆ ತಮ್ಮ ಮನೆಯ ಒಲೆಯಿಂದ ದೂರವಿದ್ದವರು, ಅಥವಾ ಮನೆಯಲ್ಲಿ ಒಲೆಯೇ ಇಲ್ಲದಿದ್ದವರು, ಕಾಲಕಾಲಕ್ಕೆ ಕಲ್ಪಿಸಿಕೊಂಡ ಬದಲಿ ಒಲೆಗಳ ಪರಂಪರೆಯೊಂದು ಈ ಗಡ್ಡೆಯ ಹಿಂದೆ ಇದೆ. ಮೈಕ್ರೋವೇವ್ ಆ ಪರಂಪರೆಗೇ ಸೇರಿದ್ದು.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತ. ಟಿಟಿಕಾಕಾ ಸರೋವರದ ಆಸುಪಾಸಿನ ಎತ್ತರದ ನೆಲದಲ್ಲಿ ಸಹಸ್ರಾರು ವರ್ಷಗಳ ಹಿಂದೆಯೇ ಅದನ್ನು ಕಾಡಿನಿಂದ ಕೃಷಿಗೆ ತಂದ ಜನರ ಸಂತತಿಯವರು ಇಂದಿಗೂ ಬೆಳೆ ಅಗೆಯುವ ಕಾಲದಲ್ಲಿ ಹೊಲದಲ್ಲಿಯೇ ಒಂದು ಒಲೆಯನ್ನು ಕಟ್ಟುತ್ತಾರೆ. ಅದಕ್ಕೆ ಹುವಾತಿಯಾ ಎಂದು ಹೆಸರು. ಆಗತಾನೆ ಅಗೆದ ನೆಲದ ಒಣ ಹೆಂಟೆಗಳನ್ನು ಆಯ್ದು, ಒಂದರ ಮೇಲೊಂದನ್ನು ಆತುಕೊಳ್ಳುವಂತೆ ಪೇರಿಸಿ, ಸಣ್ಣ ಗುಮ್ಮಟವನ್ನೆಬ್ಬಿಸಿ, ಒಂದು ಕಡೆ ಬಾಯಿ ಬಿಟ್ಟು ಒಳಗೆ ಉರಿಯಿಡುತ್ತಾರೆ. ಹೆಂಟೆಗಳು ಚೆನ್ನಾಗಿ ಕಾದ ಬಳಿಕ ಗಡ್ಡೆಗಳನ್ನು ಒಳಕ್ಕೆ ಸುರಿದು, ಗುಮ್ಮಟವನ್ನೇ ಅವುಗಳ ಮೇಲೆ ಕೆಡವಿ, ಕಾದ ಮಣ್ಣನ್ನು ಒತ್ತಿ ಮುಚ್ಚಿಬಿಡುತ್ತಾರೆ. ಬೆಂದ ಗಡ್ಡೆಯನ್ನು ತೆಗೆಯಬೇಕಾದರೆ ಒಲೆಯನ್ನು ಅಗೆಯಬೇಕು. ಊಟವಾದ ಮೇಲೆ ಒಲೆಯೆಂಬುದು ಉಳಿದಿರುವುದಿಲ್ಲ. ಅದು ಮತ್ತೆ ಹೊಲದ ಮಣ್ಣು. ಬೆಳೆದ ನೆಲವೇ ಬೇಯಿಸುವ ಪಾತ್ರೆಯೂ ಆಗುವ ಇಂಥ ಪಾಕಕ್ರಮ ನನಗೆ ತಿಳಿದಮಟ್ಟಿಗೆ ಬೇರಾವ ಕಾಯಿಪಲ್ಯದ ಭಾಗ್ಯಕ್ಕೂ ಬಂದಿಲ್ಲ.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಯೂರೋಪಿಗೆ ಹೋದ ಗಡ್ಡೆ ಅಲ್ಲಿ ಸಂಶಯ, ತಿರಸ್ಕಾರ, ಕ್ಷಾಮ, ಅನಿವಾರ್ಯತೆಗಳ ದಾರಿಯಲ್ಲಿ ಬಡವರ ಮುಖ್ಯ ಆಹಾರವಾದ ಕಥೆ ಪ್ರಸಿದ್ಧವಾದುದು, ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಬೀದಿ.

ಆ ಬೀದಿಯ ಬಡವ್ಯಾಪಾರಿಗಳ ಜೀವನವನ್ನು ಹೆನ್ರಿ ಮೇಹ್ಯೂ ಎಂಬ ಪತ್ರಕರ್ತನು ಅವರ ಬಳಿಗೇ ಹೋಗಿ, ಅವರ ಬಾಯಿಂದಲೇ ಕೇಳಿ, 1851ರ ಸುಮಾರಿಗೆ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅವನು ಬೇಯಿಸಿದ ಆಲೂಗಡ್ಡೆ ಮಾರುವವರನ್ನೂ ಮರೆಯಲಿಲ್ಲ. ಆ ವ್ಯಾಪಾರ ಬೀದಿಗೆ ಬಂದು ಆಗ ಹದಿನೈದು ವರ್ಷಗಳಿಗೆ ಹೆಚ್ಚಾಗಿರಲಿಲ್ಲ. ಆದರೂ ನಗರದಲ್ಲಿ ಸುಮಾರು 300 ಮಂದಿ ಅದರಿಂದ ಹೊಟ್ಟೆ ಹೊರೆಯುತ್ತಿದ್ದರೆಂದು ಅವನ ಎಣಿಕೆ. ಆಗಸ್ಟ್ ತಿಂಗಳ ಮಧ್ಯದಿಂದ ಏಪ್ರಿಲ್ ತಿಂಗಳವರೆಗೆ ಅವರ ಋತು. ಈ ಮಾರಾಟಗಾರರಿಗೂ ಸ್ವಂತ ಒಲೆಯಿರಲಿಲ್ಲವೆಂಬುದು ಗಮನಾರ್ಹ: ಅವರು ಒಂದೇ ಗಾತ್ರದ ದೊಡ್ಡ ಗಡ್ಡೆಗಳನ್ನು ಆರಿಸಿ ತಂದು, ತೊಳೆದು, ಬೇಕರಿಯವನ ಭಟ್ಟಿಗೆ ಕೊಂಡೊಯ್ದು, ತೂಕದ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ದೊಡ್ಡ ತಗಡಿನ ತಟ್ಟೆಗಳಲ್ಲಿ ಒಂದೂವರೆ ಗಂಟೆಯ ಕಾಲ ಬೇಯಿಸಿಕೊಳ್ಳುತ್ತಿದ್ದರು, ಬಳಿಕ ಬುಟ್ಟಿಯಲ್ಲಿ ಹಸಿರು ಉಣ್ಣೆಬಟ್ಟೆ ಹೊದಿಸಿ ತಮ್ಮ ನಿಲುದಾಣಕ್ಕೆ ತರುತ್ತಿದ್ದರು.

ಅಲ್ಲಿ ಆ ಗಡ್ಡೆಗಳ ಬಿಸಿ ಆರದಂತೆ ಕಾಯುವ ಯಂತ್ರವೊಂದಿತ್ತು. ನಾಲ್ಕು ಕಾಲಿನ, ಮುಚ್ಚಳವುಳ್ಳ ತಗಡಿನ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಸುತ್ತಲೂ ನೀರು, ನೀರಿನ ಕೆಳಗೆ ಕೆಂಡದ ಕಬ್ಬಿಣದ ಗಡಿಗೆ, ಒಂದು ಪಕ್ಕದ ಗೂಡಿನಲ್ಲಿ ಬೆಣ್ಣೆ ಮತ್ತು ಉಪ್ಪು, ಇನ್ನೊಂದು ಪಕ್ಕದಲ್ಲಿ ಇದ್ದಿಲು, ಮೇಲ್ಗಡೆ ಹಬೆ ಹೊರಡುವುದಕ್ಕೆ ಸಣ್ಣ ಕೊಳವೆ. ಬಡತನದ ಉದ್ಯಮವಾದರೂ ಈ ಪೆಟ್ಟಿಗೆಯ ಅಲಂಕಾರದಲ್ಲಿ ಅವರಿಗಿದ್ದ ಅಭಿಮಾನ ಅಪಾರ. ಕೆಲವರು ಅದಕ್ಕೆ ಗಾಢವಾದ ಬಣ್ಣ ಬಳಿಸಿ, ಹಿತ್ತಾಳೆಯ ಪಟ್ಟಿಗಳನ್ನು ಬೆಳಗಿ ಹೊಳೆಯಿಸುತ್ತಿದ್ದರು. ಕೆಲವರು ಹಡಗಿಗೆ ಹೆಸರಿಡುವಂತೆ ರಾಜಠೀವಿಯ ಹೆಸರುಗಳನ್ನು ಅದರ ಮೇಲೆ ಕೊರೆಯಿಸುತ್ತಿದ್ದರು. ಜರ್ಮನ್ ಸಿಲ್ವರ್ ಕಟ್ಟು ಹಾಕಿಸಿ, ಬಣ್ಣದ ಗಾಜಿನ ದೀಪಗಳನ್ನು ತೂಗುಹಾಕಿದ್ದ, ನೋಡಿದವರು ಬೆರಗಾಗುವಂಥ ಒಂದು ಹಿತ್ತಾಳೆಯ ಪೆಟ್ಟಿಗೆಯ ವರ್ಣನೆ ಮೇಹ್ಯೂನ ಪುಸ್ತಕದಲ್ಲಿದೆ. ಒಂದು ಗಡ್ಡೆಯ ಬೆಲೆ ಅರ್ಧ ಪೆನ್ನಿ. ಕೊಂಡವರಲ್ಲಿ ಹಲವರು ಮೊದಲು ಅದನ್ನು ತಿನ್ನುತ್ತಿರಲಿಲ್ಲ. ಚಳಿಯಿಂದ ಜೋಮುಗಟ್ಟಿದ ಕೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಆಮೇಲೆ ಬಾಯಿಗಿಡುತ್ತಿದ್ದರು. ಅನುಕೂಲಸ್ಥರೂ ಅದನ್ನು ಕೊಂಡು, ಜೇಬಿನಲ್ಲಿಟ್ಟುಕೊಂಡು ರಾತ್ರಿಯ ಊಟಕ್ಕೆ ಮನೆಗೆ ಒಯ್ಯುತ್ತಿದ್ದುದುಂಟು. ದಿನವೆಲ್ಲ ದುಡಿದು ಉರಿಯಿಲ್ಲದ ಕೋಣೆಗೆ ಹಿಂದಿರುಗಬೇಕಾಗಿದ್ದ ಕೂಲಿಗಾರನಿಗೆ ಅರ್ಧ ಪೆನ್ನಿಗೆ ಏಕಕಾಲದಲ್ಲಿ ಆಹಾರವೂ ಅಗ್ನಿಯೂ ದೊರಕುತ್ತಿದ್ದುವು. ಒಂದು ಮಹಾನಗರದ ಕ್ರೌರ್ಯದ ನಡುವೆ ಅಷ್ಟು ಅಲ್ಪಮೌಲ್ಯಕ್ಕೆ ಅಷ್ಟು ಸಾಂತ್ವನವನ್ನು ಒದಗಿಸಿದ ಆ 300 ಮಂದಿಯನ್ನು ಚರಿತ್ರೆ ಗೌರವದಿಂದ ನೆನೆಯಬೇಕೆಂದು ನಾನು ಭಾವಿಸುತ್ತೇನೆ.

ಅಮೆರಿಕದಲ್ಲಿ ಇದೇ ಗಡ್ಡೆ ರೈಲುಗಾಡಿಯನ್ನೇರಿ ಪ್ರತಿಷ್ಠೆಯನ್ನು ಸಂಪಾದಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ರೈತರು ಬೆಳೆಯುತ್ತಿದ್ದ ಗಡ್ಡೆಗಳು ಕೆಲವೊಮ್ಮೆ ಒಂದೊಂದೂ ಎರಡು ಪೌಂಡು ತೂಗುವಷ್ಟು ಬೃಹತ್ತಾಗುತ್ತಿದ್ದುವು. ಅಷ್ಟು ದಪ್ಪನೆಯವು ಬೇಯಲಾರವೆಂದು ಕೊಳ್ಳುವವರು ಬಾರದೆ, ಅವು ಹಂದಿಗಳ ಪಾಲಾಗುತ್ತಿದ್ದುವು. ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಭೋಜನದ ಗಾಡಿಗಳ ಮೇಲ್ವಿಚಾರಕನಾಗಿ ಬಂದ ಹೇಜನ್ ಟೈಟಸ್ ಎಂಬಾತನು ಈ ಸಂಗತಿಯನ್ನು ಕೇಳಿ, ಅಂಥ ಗಡ್ಡೆಗಳನ್ನು ತರಿಸಿ, ನಿಧಾನವಾದ ಶಾಖದಲ್ಲಿ ಬಹಳ ಹೊತ್ತು ಬೇಯಿಸಿ ನೋಡಿದರೆ ಅವು ಅತ್ಯಂತ ರುಚಿಕರವಾಗುವುವೆಂಬುದನ್ನು ಕಂಡುಕೊಂಡನು. 1909ರಿಂದ ಆ ರೈಲಿನಲ್ಲಿ ಬೆಣ್ಣೆಯೊಡನೆ ಬಡಿಸತೊಡಗಿದ ಈ ಮಹಾ ಆಲೂಗಡ್ಡೆಯೇ ಕಂಪೆನಿಯ ಲಾಂಛನವಾಯಿತು. ಸಿಯಾಟಲ್ ನಗರದಲ್ಲಿ ಅವರ ಅಡುಗೆಮನೆಯ ಕಟ್ಟಡದ ಮೇಲೆ ಸುಮಾರು 40 ಅಡಿ ಉದ್ದದ ಕೃತಕ ಆಲೂಗಡ್ಡೆಯೊಂದನ್ನೇ ನಿಲ್ಲಿಸಿದರು. ಹಂದಿಯ ಮೇವೆಂದು ಎಸೆಯುತ್ತಿದ್ದ ಪದಾರ್ಥಕ್ಕೆ ಬೇಕಾಗಿದ್ದುದು ತಾಳ್ಮೆಯೊಂದೇ ಎಂಬುದನ್ನು, ಗಂಟೆಗಟ್ಟಲೆ ಓಡುವ ರೈಲಿನಷ್ಟು ಚೆನ್ನಾಗಿ ಬೇರಾವ ಸ್ಥಳ ತೋರಿಸಿಕೊಡಲು ಸಾಧ್ಯವಿತ್ತು?

ಇಲ್ಲಿಯವರೆಗಿನ ಒಲೆಗಳೆಲ್ಲ, ಹೆಂಟೆಯದಾಗಲಿ, ಬೇಕರಿಯದಾಗಲಿ, ಚಕ್ರದ ಮೇಲಿನದಾಗಲಿ, ಒಂದೇ ತತ್ತ್ವದವು: ಹೊರಗೆ ಉರಿ, ಉರಿಯಿಂದ ಕಾದ ಮಣ್ಣು ಅಥವಾ ಗಾಳಿ, ಅದರಿಂದ ಕಾದ ಸಿಪ್ಪೆ, ಸಿಪ್ಪೆಯಿಂದ ಮೆಲ್ಲಮೆಲ್ಲನೆ ಒಳಕ್ಕೆ ಇಳಿಯುವ ಬಿಸಿ. ಈ ಕ್ರಮವನ್ನು ಮುರಿದ ಸಾಧನ ಅಡುಗೆಯ ಚಿಂತೆಯಿಂದ ಹುಟ್ಟಲಿಲ್ಲ, ಯುದ್ಧದಿಂದ ಹುಟ್ಟಿತು. 1940ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು, ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರ್ ಯಂತ್ರಕ್ಕೆ ಬೇಕಾದ ಪ್ರಬಲವಾದ ಹ್ರಸ್ವತರಂಗಗಳನ್ನು ಉತ್ಪಾದಿಸುವ ಮ್ಯಾಗ್ನೆಟ್ರಾನ್ ಎಂಬ ಹೊಸ ಮಾದರಿಯ ನಳಿಕೆಯನ್ನು ನಿರ್ಮಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನಿಯೋಗವೊಂದು ಆ ರಹಸ್ಯವನ್ನು ಅಮೆರಿಕಕ್ಕೆ ಕೊಂಡೊಯ್ದಿತು. ಅಲ್ಲಿ ಅದನ್ನು ಬಹುಸಂಖ್ಯೆಯಲ್ಲಿ ತಯಾರಿಸಿದ ಸಂಸ್ಥೆಗಳಲ್ಲಿ ರೇಥಿಯಾನ್ ಒಂದು; ಅದರ ಎಂಜಿನಿಯರ್ ಪರ್ಸಿ ಸ್ಪೆನ್ಸರ್, ಮೇಯ್ನ್ ಪ್ರಾಂತದ ಬಡಕುಟುಂಬದಲ್ಲಿ ಹುಟ್ಟಿ, ಶಾಲೆಯನ್ನು ಮಧ್ಯದಲ್ಲಿಯೇ ಬಿಟ್ಟು ಕಾರ್ಖಾನೆ ಸೇರಿ, ಸ್ವಾಧ್ಯಾಯದಿಂದಲೇ ವಿದ್ಯುಚ್ಛಾಸ್ತ್ರವನ್ನು ವಶಪಡಿಸಿಕೊಂಡಿದ್ದ ಪ್ರತಿಭಾಶಾಲಿ. ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಅವನ ಜೇಬಿನ ಮಿಠಾಯಿ ಕರಗಿತೆಂಬ ಕಥೆ ಎಲ್ಲ ಕಡೆಯೂ ಪ್ರಚಾರದಲ್ಲಿದೆ. 1945ರ ಅಕ್ಟೋಬರಿನಲ್ಲಿ ಅವನು ಸಲ್ಲಿಸಿದ, 1950ರಲ್ಲಿ ಮಂಜೂರಾದ ಸ್ವಾಮ್ಯಪತ್ರದಲ್ಲಿ, ಈ ತರಂಗಗಳಿಂದ ಅಡುಗೆಗೆ ತಗಲುವ ಶಕ್ತಿ ಎಷ್ಟು ಕಡಿಮೆಯೆಂಬುದನ್ನು ತೋರಿಸಲು ಎತ್ತಿಕೊಂಡ ಉದಾಹರಣೆಗಳಲ್ಲಿ ಮೊಟ್ಟೆಯ ಜೊತೆಗೆ ಆಲೂಗಡ್ಡೆಯೂ ಇದೆ.

ಇದೇ ಕಾಲಾವಧಿಯಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗವನ್ನು ನಾನು ಇದಕ್ಕಿಂತಲೂ ಪ್ರೀತಿಯಿಂದ ಸ್ಮರಿಸುತ್ತೇನೆ. 1950ರ ದಶಕದಲ್ಲಿ ಲಂಡನ್ನಿನ ಮಿಲ್ ಹಿಲ್‌ನ ವೈದ್ಯಕೀಯ ಸಂಶೋಧನಾಲಯದಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳನ್ನು ಹಿಮದಂತೆ ಹೆಪ್ಪುಗಟ್ಟಿಸಿ ಮತ್ತೆ ಬದುಕಿಸುವ ಪ್ರಯೋಗಗಳು ನಡೆಯುತ್ತಿದ್ದುವು. ಹೃದಯವನ್ನು ಮರಳಿ ಮಿಡಿಯಿಸುವುದಕ್ಕಾಗಿ ಬಿಸಿಮಾಡಿದ ಚಮಚವನ್ನು ಪ್ರಾಣಿಯ ಎದೆಗೆ ಒತ್ತಬೇಕಾಗುತ್ತಿತ್ತು. ಅದರಿಂದ ಚರ್ಮ ಸುಟ್ಟುಹೋಗುತ್ತಿತ್ತು. ಮುಂದೆ ಭೂಮಂಡಲವೆಲ್ಲ ಒಂದೇ ಜೀವವ್ಯವಸ್ಥೆಯಂತೆ ವರ್ತಿಸುತ್ತದೆಂಬ ಗಾಯಾ ಸಿದ್ಧಾಂತದಿಂದ ವಿಖ್ಯಾತನಾದ ಜೇಮ್ಸ್ ಲವ್‌ಲಾಕ್ ಆಗ ಅಲ್ಲಿ ಕೆಲಸಮಾಡುತ್ತಿದ್ದ ತರುಣ ವಿಜ್ಞಾನಿ. ಆ ಮೂಕಪ್ರಾಣಿಗಳ ನೋವನ್ನು ಸಹಿಸಲಾರದೆ, ಚರ್ಮವನ್ನು ಸುಡದೆ ದೇಹದೊಳಕ್ಕೆ ಬಿಸಿಯನ್ನು ಮುಟ್ಟಿಸಬಲ್ಲ ಮ್ಯಾಗ್ನೆಟ್ರಾನಿನ ಸಾಧನವೊಂದನ್ನು ಅವನು ತಾನೇ ಜೋಡಿಸಿದನು. ಪ್ರಾಣಿಗಳು ಹುಣ್ಣಿಲ್ಲದೆ ಚೇತರಿಸಿಕೊಂಡುವು. ಅದೇ ಸಾಧನದಲ್ಲಿ ಅವನು ತನ್ನ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆಯೊಂದನ್ನಿಟ್ಟು ಬೇಯಿಸಿಕೊಂಡನು. ನೂರು ವರ್ಷ ದಾಟಿದ ಮೇಲೆಯೂ ಆ ಮಹನೀಯನು ಈ ಸಂಗತಿಯನ್ನು ಸಂತೋಷದಿಂದ ಹೇಳಿಕೊಂಡಿದ್ದುಂಟು. ಪ್ರಯೋಗಶಾಲೆಯ ಮೇಜಿನ ಮುಂದೆ, ಅಡುಗೆಮನೆಯಿಂದ ದೂರ, ಹಸಿದ ಕೆಲಸಗಾರನೊಬ್ಬನು ಕೈಗೆ ಸಿಕ್ಕಿದ ಶಾಖದಲ್ಲಿ ಗಡ್ಡೆಯನ್ನು ಬೇಯಿಸಿಕೊಂಡ ಈ ಕಾರ್ಯ ಆಂಡೀಸಿನ ರೈತನ ಕಾರ್ಯಕ್ಕಿಂತ ಭಿನ್ನವಾದುದಲ್ಲ.

ಮನೆಗಳಿಗೆ ಈ ಒಲೆ ಬರಲು ಕಾಲ ಹಿಡಿಯಿತು. ರೇಥಿಯಾನಿನವರ 1947ರ ಮೊದಲ ಯಂತ್ರ ಆಳೆತ್ತರದ್ದು, ಮುನ್ನೂರು ಕಿಲೋಗ್ರಾಮಿಗೂ ಮೀರಿದ ತೂಕದ್ದು. ಅದನ್ನು ತಂಪಾಗಿಡುವುದಕ್ಕೆ ನೀರಿನ ಕೊಳವೆ ಬೇಕಾಗಿತ್ತು. 1955ರಲ್ಲಿ ಟಪ್ಪನ್ ಕಂಪೆನಿ ಗೃಹೋಪಯೋಗಕ್ಕೆಂದು ತಂದ ಮಾದರಿಯ ಬೆಲೆ 1295 ಡಾಲರು. 1967ರಲ್ಲಿ ಅಮಾನಾ ಸಂಸ್ಥೆ 495 ಡಾಲರಿಗೆ ಕಟ್ಟೆಯ ಮೇಲಿಡಬಹುದಾದ ಒಲೆಯನ್ನು ಮಾರುಕಟ್ಟೆಗೆ ಬಿಟ್ಟ ಅನಂತರವೇ ಪ್ರಸಾರ ವೇಗಗೊಂಡು, ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಬಹುತೇಕ ಮನೆಗಳಲ್ಲಿ ಅದು ನೆಲೆಗೊಂಡಿತು. ಕಾರ್ಖಾನೆಗಳ ಊಟದ ಕೋಣೆ, ವಿದ್ಯಾರ್ಥಿನಿಲಯ, ಒಂಟಿ ಮುದುಕರ ಬಾಡಿಗೆಮನೆ, ಇಂಥ ಕಡೆಗಳಲ್ಲಿ ಅದು ಇನ್ನೂ ಹೆಚ್ಚಿನ ಉಪಕಾರವನ್ನು ಮಾಡಿತು. ಓದಿಗೂ ಉದ್ಯೋಗಕ್ಕೂ ಅಲ್ಲಿಗೆ ಹೋದ ನಮ್ಮ ಹುಡುಗರು ದೋಸೆಯ ಪಲ್ಯಕ್ಕೆ ಆಲೂಗಡ್ಡೆ ಬೇಯಿಸುವುದೂ ಈಗ ಅನೇಕವೇಳೆ ಇದರಲ್ಲಿಯೇ.

ಒಳಗೆ ನಡೆಯುವುದೇನು? ಸೆಕೆಂಡಿಗೆ 245 ಕೋಟಿ ಸಲ ಹಿಂದಕ್ಕೂ ಮುಂದಕ್ಕೂ ಆಂದೋಲಿಸುವ ವಿದ್ಯುತ್ಕ್ಷೇತ್ರವನ್ನು ಅನುಸರಿಸಲು ಗಡ್ಡೆಯ ನೀರಿನ ಅಣುಗಳು ಎಳಸುತ್ತವೆ. ಆ ತಳಮಳವೇ ಶಾಖವಾಗುತ್ತದೆ. ನಡುಗರ್ಭದಿಂದ ಹೊರಕ್ಕೆ ಬೇಯುತ್ತದೆಂಬ ಜನಪ್ರಿಯ ನಂಬಿಕೆ ಸರಿಯಲ್ಲ. ತರಂಗಗಳು ಎರಡು ಮೂರು ಸೆಂಟಿಮೀಟರು ಆಳದಲ್ಲಿಯೇ ಬಹುಪಾಲು ಕ್ಷಯಿಸಿ, ಅಲ್ಲಿಂದ ಒಳಕ್ಕೆ ಬಿಸಿ ಹಳೆಯ ರೀತಿಯಲ್ಲಿಯೇ ಸಾಗಬೇಕು. ಅದಕ್ಕಾಗಿಯೇ ಬಲ್ಲವರು ಗಡ್ಡೆಯನ್ನು ನಡುವೆ ಒಮ್ಮೆ ಮಗುಚಿ, ಬೆಂದ ಮೇಲೂ ಕೆಲವು ನಿಮಿಷ ಹಾಗೆಯೇ ಬಿಡುತ್ತಾರೆ. ಹಬೆ ಸಿಡಿಯದಂತೆ ಮೊದಲೇ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿರುತ್ತಾರೆ. 60–70 ಡಿಗ್ರಿಯ ಸುಮಾರಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಹಿಟ್ಟಿನಂಶ ಹೆಚ್ಚಿರುವ ಒರಟು ಸಿಪ್ಪೆಯ ರಸೆಟ್ ಜಾತಿಯಾದರೆ ತಿರುಳು ಹಗುರವಾಗಿ ಬಿರಿಯುತ್ತದೆ.

ಸಿಪ್ಪೆಯ ವಿಷಯದಲ್ಲಿ ಮಾತ್ರ ಹಳೆಯ ಒಲೆಗಳ ಪಕ್ಷವನ್ನು ನಾನು ಬಿಡಲಾರೆ. ಕಾದ ಭಟ್ಟಿಯಲ್ಲಿ 200 ಡಿಗ್ರಿಯ ಗಾಳಿ ಸಿಪ್ಪೆಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಶಾಖ ನೀರಿನ ಕುದಿಬಿಂದುವನ್ನು ಮೀರಿ ಏರಿ, ಕಂದುಬಣ್ಣವೂ ಸುಟ್ಟ ಪರಿಮಳವೂ ಗರಿಗರಿಯೂ ಹುಟ್ಟುತ್ತವೆ. ಮೈಕ್ರೋವೇವಿನೊಳಗಿನ ಗಾಳಿಯೋ ಕಾದಿರುವುದಿಲ್ಲ. ಒಳಗಿನಿಂದ ಹೊರಟ ಹಬೆ ತಣ್ಣನೆಯ ಮೈಮೇಲೆ ನೀರಾಗಿ ಕೂರುತ್ತದೆ. ಸಿಪ್ಪೆ ಸುಕ್ಕುಗಟ್ಟಿ ತೊಗಲಿನಂತೆ ಮೆತ್ತಗಾಗುತ್ತದೆ. ಇದು ಸುಟ್ಟ ಗಡ್ಡೆಯಲ್ಲ, ತನ್ನ ನೀರಿನಲ್ಲಿಯೇ ಹಬೆಯಾಡಿದ ಗಡ್ಡೆ. ಈ ನಷ್ಟವನ್ನು ಸಣ್ಣದೆಂದು ಎಣಿಸುವವರು ಲಂಡನ್ನಿನ ಆ ವ್ಯಾಪಾರಿ ಒಂದೂವರೆ ಗಂಟೆಯ ಭಟ್ಟಿಗೆ ಏಕೆ ಬಾಡಿಗೆ ತೆರುತ್ತಿದ್ದನೆಂಬುದನ್ನು ಯೋಚಿಸಬೇಕು. ಎರಡನ್ನೂ ಕೂಡಿಸುವ ಮಾರ್ಗವೂ ಉಂಟು. ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಈಗ ಅದೇ ರೂಢಿ: ಇನ್ನೂರು ಗ್ರಾಮಿನ ಗಡ್ಡೆಯನ್ನು ಆರೇಳು ನಿಮಿಷ ಮೈಕ್ರೋವೇವಿನಲ್ಲಿ ಬೇಯಿಸಿ, ಮೈಯನ್ನು ಒರಸಿ, ಎಣ್ಣೆ ಉಪ್ಪು ಸವರಿ, ಕಾದ ಓವನ್ನಿನಲ್ಲಿ ಕಾಲುಗಂಟೆ ಇಡುತ್ತಾರೆ. ತಿರುಳನ್ನು ತರಂಗಕ್ಕೂ ಸಿಪ್ಪೆಯನ್ನು ಉರಿಗೂ ಒಪ್ಪಿಸುತ್ತಾರೆ.