ಲೂಸಿಯ (ಚಲನಚಿತ್ರ)

ಪವನ್ ಕುಮಾರ್ ಬರೆದು ನಿರ್ದೇಶಿಸಿದ ಕನ್ನಡ ಚಲನಚಿತ್ರ. ತೆರೆಕಂಡದ್ದು 2013ರ ಸೆಪ್ಟೆಂಬರ್ 6ರಂದು. ನಿದ್ದೆ ಬಾರದ ಯುವಕನೊಬ್ಬ ಮಾತ್ರೆ ನುಂಗಿ, ತಾನು ಸಿನಿಮಾ ತಾರೆಯೆಂದು ಕಾಣುವ ಕನಸೇ ಇದರ ವಸ್ತು. ಸತೀಶ್ ನೀನಾಸಂ, ಶ್ರುತಿ ಹರಿಹರನ್, ಅಚ್ಯುತ್ ಕುಮಾರ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಸಂಗೀತ ಪೂರ್ಣಚಂದ್ರ ತೇಜಸ್ವಿ ಅವರದು.

ಲೂಸಿಯದ ಹಾಗೆ ತಾರೆಯನ್ನು ತಯಾರಿಸುವ ಉದ್ಯಮವನ್ನು ಅದರದೇ ಹಾಡು ಕುಣಿತಗಳಿಂದ ಕೆಣಕಿದ ಸ್ವಪ್ನಚಿತ್ರಗಳಲ್ಲಿ ಅಮೆರಿಕದ ‘ಹೆಡ್’ (1968) ಹಳೆಯದು. 1965ರಲ್ಲಿ ಟೀವಿ ಧಾರಾವಾಹಿಯೊಂದಕ್ಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಾಲ್ವರನ್ನು ಆರಿಸಿ ಕಟ್ಟಿದ ‘ದಿ ಮಂಕೀಸ್’ ತಂಡ ‘ಹೆಡ್’ನಲ್ಲಿ ನಟಿಸಿತ್ತು. ತಂಡದ ಮೊದಲ ಧ್ವನಿಮುದ್ರಿಕೆಗಳಲ್ಲಿ ವಾದ್ಯಗಳನ್ನು ಹೆಚ್ಚಾಗಿ ಬೇರೆಯವರೇ ನುಡಿಸಿದ್ದರು. ‘ಕೃತಕ ತಂಡ’ ಎಂಬ ಹೆಸರು ಅವರನ್ನು ಕಾಡಿತ್ತು. ಬಾಬ್ ರಾಫೆಲ್ಸನ್ ನಿರ್ದೇಶಿಸಿ, ಜ್ಯಾಕ್ ನಿಕಲ್ಸನ್ ಜೊತೆ ಸೇರಿ ಬರೆದ ಈ ಚಿತ್ರದಲ್ಲಿ ಅವರು ದೈತ್ಯ ನಟನೊಬ್ಬನ ತಲೆಯ ಹೊಟ್ಟಾಗುತ್ತಾರೆ, ಕಪ್ಪು ಪೆಟ್ಟಿಗೆಯಲ್ಲಿ ಸಿಕ್ಕಿಬೀಳುತ್ತಾರೆ, ಕೊನೆಗೆ ಸೇತುವೆಯಿಂದ ನೀರಿಗೆ ಹಾರಿದರೂ ಬಿಡುಗಡೆ ಸಿಗುವುದಿಲ್ಲ. ಅಭಿಮಾನಿಗಳು ಚಿತ್ರಮಂದಿರದ ಕಡೆ ಸುಳಿಯಲಿಲ್ಲ, ಚಿತ್ರ ನೆಲಕಚ್ಚಿತು. ಅದಕ್ಕೆ ಬೆಲೆ ಬಂದದ್ದು ಎಷ್ಟೋ ವರ್ಷಗಳ ನಂತರ.

‘ಹೆಡ್’ ಲೂಸಿಯದ ಮೂಲವಲ್ಲ, ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ: ತೆರೆಯ ಮೇಲೆ ಕಾಣುವ ಮನುಷ್ಯನಿಗೆ ಸ್ವಂತದ್ದೊಂದು ಬದುಕಿದೆಯೇ? ಎರಡನ್ನೂ ಬೇರ್ಪಡಿಸುವುದು ದುಡ್ಡಿನ ದಾರಿ. ‘ಹೆಡ್’ಗೆ ಕೊಲಂಬಿಯಾದಂಥ ದೊಡ್ಡ ಚಿತ್ರಸಂಸ್ಥೆಯ ಬೆಂಬಲವಿತ್ತು, ಪ್ರೇಕ್ಷಕರಿರಲಿಲ್ಲ. ಲೂಸಿಯಕ್ಕೆ ನಿರ್ಮಾಪಕರೇ ಸಿಗಲಿಲ್ಲ, ಪ್ರೇಕ್ಷಕರೇ ಮುಂದೆ ಬಂದರು. ಯೋಗರಾಜ ಭಟ್ಟರ ‘ಮನಸಾರೆ’, ‘ಪಂಚರಂಗಿ’ಗಳಿಗೆ ಬರೆದು, 2011ರಲ್ಲಿ ‘ಲೈಫು ಇಷ್ಟೇನೇ’ ನಿರ್ದೇಶಿಸಿದ್ದ ಪವನ್ ಬೇಸತ್ತು ತಮ್ಮ ಬ್ಲಾಗಿನಲ್ಲಿ ಬಹಿರಂಗವಾಗಿ ಬರೆದುಕೊಂಡರು. ಅದನ್ನು ಓದಿದವರು ಕೈಲಾದಷ್ಟು ಹಾಕಿದರು. ನೂರಕ್ಕೂ ಹೆಚ್ಚು ಮಂದಿಯಿಂದ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಸೇರಿತು. ಕನ್ನಡದಲ್ಲಿ ಈ ಬಗೆಯ ಸಾಮೂಹಿಕ ಬಂಡವಾಳಕ್ಕೆ ಲೂಸಿಯವೇ ಹೆಸರುವಾಸಿ ಉದಾಹರಣೆ. ಕಥೆ ಏನೆಂದು ಪೂರ್ತಿ ಗೊತ್ತಿಲ್ಲದೆಯೂ ಅಪರಿಚಿತರು ದುಡ್ಡು ಕಟ್ಟಿದ್ದು ಸಣ್ಣ ಸಂಗತಿಯಲ್ಲ.

ಕಥಾನಾಯಕ ನಿಕ್ಕಿ ಹಳ್ಳಿಯಿಂದ ಬೆಂಗಳೂರಿಗೆ ಬಂದವನು. ಹಳೆಯ ಟಾಕೀಸೊಂದರಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸ. ಲೂಸಿಯ ಎಂಬ ಮಾತ್ರೆ ನುಂಗಿದರೆ ಬಯಸಿದ ಬದುಕು ಕನಸಾಗಿ ಬರುತ್ತದೆ. ನಿನ್ನೆ ನಿಂತಲ್ಲಿಂದಲೇ ಇವತ್ತು ಮುಂದುವರಿಯುತ್ತದೆ. ಅಲ್ಲಿ ಅವನು ಸಿನಿಮಾ ತಾರೆ ನಿಖಿಲ್. ಇಲ್ಲಿ ಟಾಕೀಸಿನ ಮಾಲೀಕನಾದ ಶಂಕ್ರಣ್ಣ ಅಲ್ಲಿ ತಾರೆಯ ಮ್ಯಾನೇಜರ್. ಇಲ್ಲಿ ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಶ್ವೇತಾ ಅಲ್ಲಿ ರೂಪದರ್ಶಿ. ಟಾಕೀಸಿನ ಬದುಕಿಗೆ ಬಣ್ಣವಿದೆ, ತಾರೆಯ ಬದುಕು ಕಪ್ಪು ಬಿಳುಪು. ಕನಸೆಂದರೆ ಕಪ್ಪು ಬಿಳುಪು ಎಂದು ನಂಬಿ ಕೂತ ಪ್ರೇಕ್ಷಕನಿಗೆ ಕೊನೆಯಲ್ಲಿ ಎಲ್ಲವೂ ತಿರುಗುಮುರುಗಾಗುತ್ತದೆ: ನಿಜವಾಗಿ ಇದ್ದವನು ತಾರೆ, ಅವನು ಹಂಬಲಿಸಿ ಕಂಡ ಕನಸೇ ಟಾರ್ಚ್ ಹಿಡಿದ ನಿಕ್ಕಿ. ಇಡೀ ಚಿತ್ರದ ಜೀವ ಈ ಒಂದು ತಿರುವಿನಲ್ಲಿದೆ.

ಹಾಡುಗಳಲ್ಲಿ ಹಳೇ ಮೈಸೂರು ಸೀಮೆಯ ಆಡುಮಾತು ಧಾರಾಳವಾಗಿದೆ. ಮಂಡ್ಯ, ಚಾಮರಾಜನಗರ ಕಡೆಯ ಕಿವಿಗೆ ‘ತಿನ್ಬೇಡ ಕಮ್ಮಿ’ ಎಂಬ ಪಲ್ಲವಿ ಮನೆಯಂಗಳದ ಮಾತೇ. ನವೀನ್ ಸಜ್ಜು ಅವರ ಕಂಠ ನಾಡಿಗೆ ಪರಿಚಯವಾದದ್ದೂ ಈ ಚಿತ್ರದಿಂದ. ಮಾತ್ರೆ, ಭ್ರಮೆ, ಮೆದುಳು ಎಂದು ಸುತ್ತುವ ಕಥೆಯನ್ನು ನೆಲಕ್ಕೆ ಹಿಡಿದಿಟ್ಟದ್ದು ಈ ಹಾಡುಗಳೇ ಎನ್ನಬೇಕು.

ಬಿಡುಗಡೆಗೂ ಮುಂಚೆ, 2013ರ ಜುಲೈನಲ್ಲಿ, ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಕರ್ನಾಟಕದಲ್ಲೂ ಗೆದ್ದಿತು. 2015ರಲ್ಲಿ ಪ್ರಸಾದ್ ರಾಮರ್ ಇದನ್ನು ‘ಎನಕ್ಕುಳ್ ಒರುವನ್’ ಎಂದು ತಮಿಳಿಗೆ ತಂದರು. ಸತೀಶ್ ಮಾಡಿದ್ದ ಪಾತ್ರವನ್ನು ಅಲ್ಲಿ ಸಿದ್ಧಾರ್ಥ್ ಮಾಡಿದರು. ಪವನ್ ಅವರ ಮುಂದಿನ ಚಿತ್ರ ‘ಯು ಟರ್ನ್’ 2016ರಲ್ಲಿ ಬಂತು.